ಒಂದು ವರ್ಷ ಕಾದ ಪ್ರೀತಿ: ಗಾಂಧಿಗ್ರಾಮದ ಸೌಂದರಂ ಅಮ್ಮನ ಬದುಕು

ಪ್ರೇಮಕಥೆ ಎಂದಾಕ್ಷಣ ನೆನಪಿಗೆ ಬರುವುದು ಲೈಲಾ-ಮಜ್ನು, ಷಹಜಹಾನ್-ಮುಮ್ತಾಜ್. ತಮಿಳು ಬಲ್ಲವರಾದರೆ ಅಂಬಿಕಾಪತಿ-ಅಮರಾವತಿಯ ಹೆಸರನ್ನೂ ಸೇರಿಸುತ್ತಾರೆ. ಸತ್ತು ಅಮರವಾದ ಪ್ರೀತಿಯ ಮೇಲೆ ಜಗತ್ತಿಗೆ ಒಲವು ಜಾಸ್ತಿ. ಬದುಕಿ, ದುಡಿದು, ಮುಪ್ಪಾದ ಪ್ರೀತಿಯ ಮೇಲೆ ಯಾರೂ ಸಿನಿಮಾ ತೆಗೆಯುವುದಿಲ್ಲ.

ಅಂಥದೊಂದು ಪ್ರೀತಿಯ ಗುರುತು ನಮ್ಮ ಪಕ್ಕದಲ್ಲೇ ಇದೆ. ಕಂಬಂ, ತೇನಿ ಕಡೆಯಿಂದ ವತ್ತಲಗುಂಡು ದಾಟಿ ದಿಂಡಿಗಲ್ ಸೇರಿ, ಅಲ್ಲಿಂದ ಮದುರೈ ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲೇ ಚಿನ್ನಾಳಪಟ್ಟಿ. ಸುಂಗುಡಿ ಸೀರೆಗೆ ಹೆಸರಾದ ನೇಕಾರರ ಊರು. ದೇವಾಂಗದವರ ಮಗ್ಗದ ಮನೆಗಳಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ. ಅದಕ್ಕೆ ಅಂಟಿಕೊಂಡಂತೆ, ಸಿರುಮಲೈ ಬೆಟ್ಟದ ಬುಡದಲ್ಲಿ ಗಾಂಧಿಗ್ರಾಮ. ಕಸ್ತೂರ್ಬಾ ಆಸ್ಪತ್ರೆಗೆ ಹೆರಿಗೆಗೆಂದು ಹೋಗಿ ಬಂದವರು, ಮಗನನ್ನೋ ಮಗಳನ್ನೋ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿಸಿದವರು ಈ ಭಾಗದ ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ಊರನ್ನು ಕಟ್ಟಿದ ಗಂಡ ಹೆಂಡತಿ ಮದುವೆಯಾಗಲು ಎಷ್ಟು ಕಾಯಬೇಕಾಯಿತು ಎಂಬುದು ಗೊತ್ತಿರುವವರು ಕಡಿಮೆ.

ಹೆಂಡತಿ ಡಾ. ಟಿ.ಎಸ್. ಸೌಂದರಂ. ಗಂಡ ಡಾ. ಜಿ. ರಾಮಚಂದ್ರನ್. ಆಕೆ ತಮಿಳು ಅಯ್ಯಂಗಾರರ ಮನೆಯ ವಿಧವೆ. ಆತ ತಿರುವಾಂಕೂರಿನ ಮಲಯಾಳಿ, ನಾಯರ್ ಕುಟುಂಬದವರು. ಜಾತಿ ಬೇರೆ, ಭಾಷೆ ಬೇರೆ, ಮೇಲಾಗಿ ಹೆಣ್ಣಿಗೆ ಎರಡನೇ ಮದುವೆ. ಇದು ನಡೆದದ್ದು 1940ರಲ್ಲಿ!

ಬಸ್ಸಿನ ಮನೆಯ ಮಗಳು

ಸೌಂದರಂ ಹುಟ್ಟಿದ್ದು 1904ರ ಆಗಸ್ಟ್ 18ರಂದು. ತಂದೆ ತಿರುನೆಲ್ವೇಲಿ ಸೀಮೆಯ ಟಿ.ವಿ. ಸುಂದರಂ ಅಯ್ಯಂಗಾರ್. ಟಿವಿಎಸ್ ಎಂಬ ಮೂರು ಅಕ್ಷರ ಗೊತ್ತಿಲ್ಲದವರು ದಕ್ಷಿಣ ಭಾರತದಲ್ಲಿ ಯಾರಿದ್ದಾರೆ? ಮೊಪೆಡ್, ಬೈಕುಗಳಿಗೆ ಆ ಹೆಸರು ಬರುವುದಕ್ಕೆ ಬಹಳ ಮೊದಲೇ ಅದು ಮದುರೈ ಸೀಮೆಯ ಬಸ್ಸಿನ ಹೆಸರಾಗಿತ್ತು. ಸರ್ಕಾರಿ ಬಸ್ಸು ಬರುವ ತನಕ ಈ ಭಾಗದ ಜನರಿಗೆ ಬಸ್ಸೆಂದರೆ ಟಿವಿಎಸ್ ಬಸ್ಸು. ಅದು ಬಂದ ಹೊತ್ತು ನೋಡಿ ಗಡಿಯಾರ ಸರಿ ಮಾಡಿಕೊಳ್ಳಬಹುದಿತ್ತು ಎಂದು ಹಳಬರು ಹೇಳುತ್ತಿದ್ದರು.

ಅನುಕೂಲಸ್ಥರ ಮನೆ, ಆದರೆ ಸಂಪ್ರದಾಯದ ಮನೆ. ಅಂದಿನ ಪದ್ಧತಿಯಂತೆ ಸೌಂದರಂಗೆ ಎಳೆ ವಯಸ್ಸಿನಲ್ಲೇ ಮದುವೆಯಾಯಿತು. ಹುಡುಗಿಗೆ 14 ವರ್ಷ ತುಂಬುವ ಮುಂಚೆ ಮದುವೆ ಕೂಡದು ಎಂಬ ಶಾರದಾ ಕಾಯ್ದೆ ಬಂದದ್ದೇ 1929ರಲ್ಲಿ. ವರ ಸಂಬಂಧಿಕರಲ್ಲೇ ಒಬ್ಬರು, ಹೆಸರು ಸೌಂದರರಾಜನ್. ಮುಂದೆ ವೈದ್ಯರಾಗಿ ಮದುರೈನಲ್ಲಿ ಕೆಲಸ ಮಾಡಿದವರು. ಗಂಡ ಹೆಂಡತಿಯ ಹೆಸರೂ ಜೋಡಿ ಹಾಕಿದಂತಿತ್ತು.

ಆ ಕಾಲದಲ್ಲಿ ದಕ್ಷಿಣದ ಊರುಗಳಿಗೆ ಪ್ಲೇಗ್ ಮತ್ತೆ ಮತ್ತೆ ಬರುತ್ತಿತ್ತು. ಇಲಿ ಬಿದ್ದರೆ ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ. ಬಿಟ್ಟು ಹೋಗಲಾಗದವರು ಇಬ್ಬರೇ, ಕಾಯಿಲೆ ಬಿದ್ದವರು ಮತ್ತು ಅವರನ್ನು ನೋಡುವ ವೈದ್ಯರು. ಪ್ಲೇಗ್ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ ಡಾ. ಸೌಂದರರಾಜನ್ ಅದೇ ರೋಗಕ್ಕೆ ತುತ್ತಾದರು. ಸೌಂದರಂಗೆ ಆಗ ಇನ್ನೂ ಇಪ್ಪತ್ತರ ಆಸುಪಾಸು.

ಸಾಯುವ ಮುಂಚೆ ಅವರು ಹೆಂಡತಿಗೆ, ನೀನು ಮುಂದೆ ಓದಬೇಕು, ಬೇಕೆನಿಸಿದರೆ ಮತ್ತೆ ಮದುವೆಯಾಗಬೇಕು ಎಂಬ ಅರ್ಥದ ಮಾತು ಹೇಳಿದ್ದರೆಂದು ಹೇಳಲಾಗುತ್ತದೆ. ಈ ಕಥೆಯಲ್ಲಿ ಮೊದಲ ಪ್ರೇಮಿ ಅವರೇ ಎಂದರೆ ತಪ್ಪಾಗಲಾರದು. ಹೆಂಡತಿಯನ್ನು ತನ್ನ ಹೆಸರಿಗೆ ಕಟ್ಟಿಹಾಕದೆ ಹೋದ ಗಂಡ ಆ ಕಾಲದಲ್ಲಿ ಅಪರೂಪ.

ಮೂಲೆ ಬಿಟ್ಟು ದೆಹಲಿಗೆ

ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ 1856ರಲ್ಲೇ ಸಿಕ್ಕಿತ್ತು. ಆದರೆ ಕಾನೂನು ಪುಸ್ತಕದಲ್ಲಿತ್ತು, ಹೆಣ್ಣು ಮೂಲೆಯಲ್ಲಿದ್ದಳು. ದುಡಿದು ತಿನ್ನುವ ಎಷ್ಟೋ ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ಇನ್ನೊಂದು ಸಂಸಾರ ಕಟ್ಟಿಕೊಡುವ ಪದ್ಧತಿ ಇತ್ತು. ಕನ್ನಡದಲ್ಲಿ ಅದಕ್ಕೆ ಕೂಡಿಕೆ, ಉಡಿಕೆ ಎಂಬ ಹೆಸರುಗಳೇ ಇವೆ. ಮೇಲುಜಾತಿಯ ಮನೆಗಳಲ್ಲಿ ಮಾತ್ರ ಅದು ಕನಸು. ಹೂವಿಲ್ಲ, ಬಳೆಯಿಲ್ಲ, ಹಬ್ಬದ ಮನೆಯಲ್ಲಿ ಎದುರಿಗೆ ಬರುವಂತಿಲ್ಲ. ಇಪ್ಪತ್ತು ವರ್ಷದ ಹುಡುಗಿ ಮುಂದಿನ ಐವತ್ತು ವರ್ಷ ಹಾಗೆಯೇ ಕಳೆಯಬೇಕು.

ಸೌಂದರಂ ಪಾಲಿಗೆ ಹಾಗಾಗಲಿಲ್ಲ. ಮಗಳ ಓದಿಗೆ ತಂದೆ ತಾಯಿ ಅಡ್ಡ ಬರಲಿಲ್ಲ, ಬೆನ್ನಿಗೆ ನಿಂತರು. ಅಂದಿನ ಮದುರೈನಲ್ಲಿ ಅದು ಸಣ್ಣ ಧೈರ್ಯವಲ್ಲ. ಮದುವೆಯಾದೊಡನೆ ಹೆಣ್ಣುಮಕ್ಕಳು ಪುಸ್ತಕ ಮುಚ್ಚುತ್ತಿದ್ದ ದಿನಗಳಲ್ಲಿ ಈಕೆ ಗಂಡ ಹೋದ ಮೇಲೆ ಪುಸ್ತಕ ತೆರೆದರು. ಓದಲು ಹೊರಟದ್ದು ಗಂಡ ಮಾಡುತ್ತಿದ್ದ ವೈದ್ಯಕೀಯವನ್ನೇ. ಸೇರಿದ್ದು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿಗೆ. ಹೆಣ್ಣುಮಕ್ಕಳಿಗೆಂದೇ 1916ರಲ್ಲಿ ಬಾಗಿಲು ತೆರೆದ ಕಾಲೇಜು ಅದು. ಮದುರೈನಿಂದ ದೆಹಲಿಗೆ ರೈಲಿನಲ್ಲಿ ದಿನಗಟ್ಟಲೆ ಪ್ರಯಾಣ. ಭಾಷೆ ಬೇರೆ, ಚಳಿ ಬೇರೆ, ಊಟ ಬೇರೆ.

ಅಲ್ಲಿ ಗೆಳತಿಯಾಗಿ ಸಿಕ್ಕಿದವರು ಸುಶೀಲಾ ನಯ್ಯರ್. ಮುಂದೆ ಗಾಂಧೀಜಿಯ ವೈದ್ಯೆಯಾದವರು, ಸ್ವತಂತ್ರ ಭಾರತದಲ್ಲಿ ಆರೋಗ್ಯ ಸಚಿವೆಯಾದವರು. ವಯಸ್ಸಿನಲ್ಲಿ ಸೌಂದರಂಗಿಂತ ಹತ್ತು ವರ್ಷ ಚಿಕ್ಕವರು. ಅವರ ಮೂಲಕ ಗಾಂಧೀಜಿಯ ಪರಿಚಯವಾಯಿತು. ಗಾಂಧೀಜಿಯ ಸುತ್ತ ಇದ್ದ ಬಳಗದಲ್ಲೇ ರಾಮಚಂದ್ರನ್ ಸಿಕ್ಕಿದರು. 1936ರಲ್ಲಿ ಸೌಂದರಂ ವೈದ್ಯೆಯಾದಾಗ ವಯಸ್ಸು 32.

ಶಾಂತಿನಿಕೇತನದಿಂದ ಬಂದ ಮಲಯಾಳಿ

ರಾಮಚಂದ್ರನ್ ಕೂಡ ಹುಟ್ಟಿದ್ದು ಅದೇ 1904ರಲ್ಲಿ, ಅಕ್ಟೋಬರ್ 7ರಂದು. ಊರು ತಿರುವನಂತಪುರದ ದಕ್ಷಿಣಕ್ಕಿರುವ ನೆಯ್ಯಾಟ್ಟಿನ್‌ಕರೆ ಸೀಮೆ. ಓದಿದ್ದು ರವೀಂದ್ರನಾಥ ಟ್ಯಾಗೋರರ ಶಾಂತಿನಿಕೇತನದಲ್ಲಿ. ಅಲ್ಲಿ ಮೇಷ್ಟರಾಗಿದ್ದ ಸಿ.ಎಫ್. ಆಂಡ್ರೂಸರ ಮೂಲಕ 1924ರಲ್ಲಿ ಗಾಂಧೀಜಿಯನ್ನು ಕಂಡರು. ಕಲೆ, ಸೌಂದರ್ಯ, ಯಂತ್ರ ಇವುಗಳ ಬಗ್ಗೆ ಇಪ್ಪತ್ತು ವರ್ಷದ ಆ ಹುಡುಗ ಗಾಂಧೀಜಿಗೆ ಒಂದಾದ ಮೇಲೊಂದು ಪ್ರಶ್ನೆ ಹಾಕಿದ. ಆ ಸಂವಾದ ಅಚ್ಚಾಗಿ, ಗಾಂಧಿ ವಿಚಾರ ಓದುವವರೆಲ್ಲ ಇವತ್ತಿಗೂ ಅದನ್ನು ಓದುತ್ತಾರೆ.

ಮರುವರ್ಷ ರಾಮಚಂದ್ರನ್ ಸಾಬರಮತಿ ಆಶ್ರಮ ಸೇರಿದರು. ಆಮೇಲೆ ಖಾದಿ, ಉಪ್ಪಿನ ಸತ್ಯಾಗ್ರಹ, ಜೈಲು, ಅಸ್ಪೃಶ್ಯತೆಯ ವಿರುದ್ಧ ಹರಿಜನ ಸೇವಕ ಸಂಘದ ಕೆಲಸ, ತಿರುವಾಂಕೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಹೋರಾಟ. ಕೈಯಲ್ಲಿ ಆಸ್ತಿ ಇಲ್ಲ, ಕಾಯಂ ಮನೆ ಇಲ್ಲ. ಹೆಣ್ಣು ಹೆತ್ತವರು ಒಪ್ಪುವ ವರ ಯಾವ ಲೆಕ್ಕದಲ್ಲೂ ಅಲ್ಲ.

ಹೆಣ್ಣು ಒಪ್ಪಿದರು. ಹೆತ್ತವರು ಒಪ್ಪಲಿಲ್ಲ.

ಓದಿಗೆ ಬೆಂಬಲ ಕೊಟ್ಟ ಮನೆಯೇ ಇಲ್ಲಿ ನಿಂತುಬಿಟ್ಟಿತು. ವಿಧವೆ ಮಗಳು ಓದುವುದನ್ನು ಊರು ಹೇಗೋ ನುಂಗಿಕೊಂಡೀತು, ಮತ್ತೆ ತಾಳಿ ಕಟ್ಟಿಸಿಕೊಳ್ಳುವುದನ್ನು ಹೇಗೆ ನುಂಗೀತು? ಅದೂ ಜಾತಿಯ ಹೊರಗೆ? ತಂದೆಯ ಹೆಸರು ಮದುರೈನ ಪ್ರತಿ ರಸ್ತೆಯಲ್ಲೂ ಓಡಾಡುತ್ತಿದ್ದ ಕಾಲ. ಮಗಳ ಮುಂದಿದ್ದದ್ದು ಸುಲಭದ ಆಯ್ಕೆ ಅಲ್ಲ. ತನ್ನನ್ನು ಮೂಲೆಗೆ ಕೂರಿಸದೆ ಓದಿಸಿದ ಹೆತ್ತವರ ಮನಸ್ಸು ಒಂದು ಕಡೆ, ಮೆಚ್ಚಿದ ಮನುಷ್ಯ ಇನ್ನೊಂದು ಕಡೆ.

ಗಾಂಧಿ ಇಟ್ಟ ಪರೀಕ್ಷೆ

ವಿಷಯ ಗಾಂಧೀಜಿಯ ಮುಂದೆ ಹೋಯಿತು. ಗಾಂಧೀಜಿ ಈ ಥರದ ಪಂಚಾಯ್ತಿಗೆ ಹೊಸಬರೇನಲ್ಲ. ಅವರ ಕಿರಿಯ ಮಗ ದೇವದಾಸ್, ರಾಜಾಜಿಯ ಮಗಳು ಲಕ್ಷ್ಮಿಯನ್ನು ಪ್ರೀತಿಸಿದಾಗ ಇಬ್ಬರು ಅಪ್ಪಂದಿರೂ ಸೇರಿ ವರ್ಷಗಟ್ಟಲೆ ಕಾಯಿಸಿದ್ದರು. ಹುಡುಗಿ ಇನ್ನೂ ಚಿಕ್ಕವಳು, ಹುಡುಗ ಬನಿಯಾ, ಹುಡುಗಿ ಬ್ರಾಹ್ಮಣಳು. ಕಾದ ಮೇಲೂ ಮನಸ್ಸು ಹಾಗೇ ಇದ್ದದ್ದು ಕಂಡು 1933ರಲ್ಲಿ ಪುಣೆಯಲ್ಲಿ ಮದುವೆ ಮಾಡಿಸಿದರು.

ಸೌಂದರಂ, ರಾಮಚಂದ್ರನ್‌ಗೂ ಅದೇ ಔಷಧಿ. ಒಂದು ವರ್ಷ ದೂರ ಇರಬೇಕು. ಒಬ್ಬರಿಗೊಬ್ಬರು ಸಂಪರ್ಕ ಇಟ್ಟುಕೊಳ್ಳಬಾರದು. ವರ್ಷ ಕಳೆದ ಮೇಲೂ ಪ್ರೀತಿ ಉಳಿದಿದ್ದರೆ ಮದುವೆ.

ಇದು ಇಪ್ಪತ್ತರ ಹುಡುಗ ಹುಡುಗಿಗೆ ಹೇಳಿದ ಮಾತಲ್ಲ. ಇಬ್ಬರಿಗೂ 35 ದಾಟಿತ್ತು. ಒಬ್ಬರು ಡಾಕ್ಟರು, ಇನ್ನೊಬ್ಬರು ಜೈಲು ಕಂಡು ಬಂದವರು. ತಮ್ಮ ಮನಸ್ಸು ತಮಗೆ ಗೊತ್ತಿಲ್ಲವೇ ಎಂದು ಕೇಳಿ ಎದ್ದು ಹೋಗಬಹುದಿತ್ತು. ಓಡಿ ಹೋಗಿ ರಿಜಿಸ್ಟರ್ ಮದುವೆ ಮಾಡಿಕೊಳ್ಳಬಹುದಿತ್ತು. ಅವರು ಪರೀಕ್ಷೆಗೆ ಒಪ್ಪಿಕೊಂಡರು.

ಇಂದು ಫೋನಿನಲ್ಲಿ ಒಂದು ಗಂಟೆ ಉತ್ತರ ಬರದಿದ್ದರೆ ಜಗಳ ಶುರುವಾಗುತ್ತದೆ. ಇಲ್ಲಿ ಇಡೀ ಒಂದು ವರ್ಷ ಮೌನ. ಆ ಕಡೆಯವರ ಮನಸ್ಸು ಬದಲಾಗಿದೆಯೇ, ಹೆತ್ತವರ ಒತ್ತಡಕ್ಕೆ ಸೋತಿದ್ದಾರೆಯೇ, ತಿಳಿಯುವ ದಾರಿಯೇ ಇಲ್ಲ. ದೇಶದಲ್ಲೂ ಕಳವಳದ ಕಾಲ. 1939ರ ಸೆಪ್ಟೆಂಬರಿನಲ್ಲಿ ಮಹಾಯುದ್ಧ ಶುರುವಾಗಿ, ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟಿದ್ದವು. ಯಾರು ಯಾವಾಗ ಜೈಲು ಸೇರುತ್ತಾರೋ ಗೊತ್ತಿರಲಿಲ್ಲ.

ವರ್ಷ ಕಳೆಯಿತು. ಇಬ್ಬರೂ ಮತ್ತೆ ಎದುರು ಬದುರಾದರು. ಇಬ್ಬರ ಉತ್ತರವೂ ಹಳೆಯದೇ ಆಗಿತ್ತು.

1940ರ ನವೆಂಬರ್ 7ರಂದು ಗಾಂಧೀಜಿ, ಕಸ್ತೂರ್ಬಾ ಅವರ ಸಮ್ಮುಖದಲ್ಲಿ ಮದುವೆ ನಡೆಯಿತು. ಅದಕ್ಕೆ ಮೂರು ವಾರದ ಹಿಂದೆಯಷ್ಟೇ, ಅಕ್ಟೋಬರ್ 17ರಂದು, ವಿನೋಬಾ ಭಾವೆಯವರಿಂದ ವೈಯಕ್ತಿಕ ಸತ್ಯಾಗ್ರಹ ಶುರುವಾಗಿತ್ತು. ಅಕ್ಟೋಬರ್ ಕೊನೆಯ ದಿನ ನೆಹರೂ ಬಂಧನವಾಗಿತ್ತು. ಅಷ್ಟೆಲ್ಲದರ ನಡುವೆ ಗಾಂಧೀಜಿ ಒಬ್ಬ ವಿಧವೆಯ ಮದುವೆಗೆ ಸಮಯ ಮಾಡಿಕೊಂಡರು.

ಎಲ್ಲ ಕಥೆಯೂ ಹೀಗೆ ಮುಗಿಯುವುದಿಲ್ಲ. ಮಂಗಳೂರಿನ ಕಮಲಾದೇವಿಯವರೂ ಬಾಲ್ಯದಲ್ಲೇ ವಿಧವೆಯಾದವರು. ಮದರಾಸಿನಲ್ಲಿ ಓದುತ್ತಿದ್ದಾಗ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮೆಚ್ಚಿ ಮದುವೆಯಾದರು. ಊರಿಡೀ ಗುಲ್ಲೆದ್ದಿತು. ಆ ಸಂಸಾರ ಮಾತ್ರ ಬಾಳಲಿಲ್ಲ, ವಿಚ್ಛೇದನವಾಯಿತು. ಕಮಲಾದೇವಿ ತಮ್ಮ ಬದುಕನ್ನು ಕೈಮಗ್ಗ, ಕರಕುಶಲದವರ ಕೆಲಸಕ್ಕೆ ಕೊಟ್ಟು ದೊಡ್ಡವರಾದರು. ವಿಧವೆಗೆ ಮತ್ತೆ ಮದುವೆಯಾಗುವ ಹಕ್ಕಿನಷ್ಟೇ, ಹೊಂದದ ಮದುವೆಯಿಂದ ಹೊರಗೆ ಬರುವ ಹಕ್ಕೂ ಇದೆ ಎಂದು ಅವರ ಬದುಕು ತೋರಿಸಿತು.

ಬೆಟ್ಟದ ಬುಡದಲ್ಲಿ ಸಂಸಾರ

ಮದುವೆಯಾದ ಎರಡೇ ವರ್ಷಕ್ಕೆ ಕ್ವಿಟ್ ಇಂಡಿಯಾ ಚಳವಳಿ ಬಂತು. ದಂಪತಿ ಅದರಲ್ಲೂ ಇದ್ದರು. 1944ರ ಫೆಬ್ರವರಿ 22ರಂದು ಕಸ್ತೂರ್ಬಾ ಪುಣೆಯ ಆಗಾಖಾನ್ ಅರಮನೆಯಲ್ಲಿ, ಸೆರೆಯಲ್ಲಿದ್ದಾಗಲೇ ತೀರಿಕೊಂಡರು. ಹಳ್ಳಿಯ ಹೆಂಗಸರು, ಮಕ್ಕಳಿಗಾಗಿ ಅವರ ಹೆಸರಿನಲ್ಲಿ ಸ್ಮಾರಕ ಟ್ರಸ್ಟ್ ಶುರುವಾಯಿತು. ತಮಿಳುನಾಡಿನಲ್ಲಿ ಆ ಟ್ರಸ್ಟಿನ ಕೆಲಸ ನೋಡಲು ಗಾಂಧೀಜಿ ಆರಿಸಿದ್ದು ಸೌಂದರಂ ಅವರನ್ನು. ತನ್ನ ಮದುವೆಗೆ ತಾಯಿಯ ಸ್ಥಾನದಲ್ಲಿ ನಿಂತಿದ್ದವರ ಹೆಸರಿನಲ್ಲಿ ಕೆಲಸ ಮಾಡುವ ಭಾಗ್ಯ.

1947ರ ಅಕ್ಟೋಬರ್ 7ರಂದು ಗಾಂಧಿಗ್ರಾಮ ಆರಂಭವಾಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ಅಂದಹಾಗೆ ಅಕ್ಟೋಬರ್ 7 ರಾಮಚಂದ್ರನ್ ಅವರ ಹುಟ್ಟಿದ ದಿನ.

ಆಗ ದಿಂಡಿಗಲ್, ತೇನಿ ಎಲ್ಲ ಮದುರೈ ಜಿಲ್ಲೆಗೇ ಸೇರಿದ್ದವು. ದಿಂಡಿಗಲ್ ಜಿಲ್ಲೆಯಾದದ್ದು 1985ರಲ್ಲಿ, ತೇನಿ ಅದಕ್ಕೂ ಹತ್ತು ವರ್ಷ ಆಚೆಗೆ. ದೊಡ್ಡಾಸ್ಪತ್ರೆ ಎಂದರೆ ಮದುರೈಗೇ ಓಡಬೇಕು. ಹೆರಿಗೆ ಕಷ್ಟವಾದರೆ ಹಳ್ಳಿಯ ಹೆಂಗಸನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಹೊರಡುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಸೌಂದರಂ ಮೊದಲು ಹಚ್ಚಿಕೊಂಡದ್ದು ಈ ಕೆಲಸವನ್ನೇ. ಚಿನ್ನಾಳಪಟ್ಟಿಯ ಪುಟ್ಟ ಚಿಕಿತ್ಸಾಲಯವೇ ಬೆಳೆಯುತ್ತ ಕಸ್ತೂರ್ಬಾ ಆಸ್ಪತ್ರೆಯಾಯಿತು. ಪ್ಲೇಗಿಗೆ ಬಲಿಯಾದ ವೈದ್ಯರ ಹೆಂಡತಿ, ತಾನೇ ವೈದ್ಯೆಯಾಗಿ ಹಳ್ಳಿಗೆ ಆಸ್ಪತ್ರೆ ತಂದರು. ಮೊದಲ ಗಂಡನ ಆಸೆಯೂ ಎರಡನೇ ಗಂಡನ ಆದರ್ಶವೂ ಇಲ್ಲಿ ಒಂದಾದವು.

ಆಸ್ಪತ್ರೆಯ ಜೊತೆಗೆ ಶಾಲೆ, ಗ್ರಾಮಸೇವಕಿಯರ ತರಬೇತಿ, ಖಾದಿ, ಔಷಧಿ ತಯಾರಿಕೆ, ಅನಾಥ ಮಕ್ಕಳಿಗೆ ಮನೆ, ನೆಲೆಯಿಲ್ಲದ ಹೆಂಗಸರಿಗೆ ಆಸರೆ. ಗಂಡ ಬಿಟ್ಟವರು, ಗಂಡ ಸತ್ತವರು ಓದು, ಕಸುಬು ಕಲಿತು ಸ್ವಂತ ಕಾಲ ಮೇಲೆ ನಿಲ್ಲುವ ವ್ಯವಸ್ಥೆ ಮಾಡಿದರು. ವಿಧವೆಯ ಮೂಲೆ ಹೇಗಿರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸುತ್ತಲಿನವರಿಗೆ ಅವರು ಡಾಕ್ಟರಿಗಿಂತ ಹೆಚ್ಚಾಗಿ ಅಮ್ಮ.

ರಾಮಚಂದ್ರನ್ ಹಿಡಿದದ್ದು ಶಿಕ್ಷಣದ ಕೆಲಸ. ಹಳ್ಳಿಯ ಹುಡುಗರು ಓದಿ ಪೇಟೆಗೆ ಓಡಬಾರದು, ಹಳ್ಳಿಯ ಬದುಕಿಗೆ ಬೇಕಾದ್ದನ್ನು ಹಳ್ಳಿಯಲ್ಲೇ ಕಲಿಯಬೇಕು ಎಂಬುದು ಅವರ ಹಂಬಲ. 1956ರಲ್ಲಿ ಗ್ರಾಮೀಣ ಸಂಸ್ಥೆ ಆರಂಭವಾಯಿತು. 1976ರಲ್ಲಿ ಅದಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು, ಅವರೇ ಉಪಕುಲಪತಿಯೂ ಆದರು. ದೂರದೂರದವರು ನೋಡಲು ಬರತೊಡಗಿದರು. 1959ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್, ಹೆಂಡತಿ ಕೊರೆಟ್ಟಾ ಜೊತೆ ಗಾಂಧಿಗ್ರಾಮಕ್ಕೂ ಬಂದು ಹೋದರು.

ಇನ್ನೊಂದು ಜೋಡಿ

ಈ ದಂಪತಿಯ ನೆರಳಿನಲ್ಲಿ ಮತ್ತೊಂದು ಪ್ರೀತಿಯೂ ಬೆಳೆಯಿತು. ದಿಂಡಿಗಲ್ ಸೀಮೆಯ ಬಡ ದಲಿತ ಕುಟುಂಬದ ಹುಡುಗಿ ಕೃಷ್ಣಮ್ಮಾಳ್. ಮದುರೈನಲ್ಲಿ ಆಕೆ ಓದಲು ಆಸರೆಯಾದವರು ಸೌಂದರಂ. ಆಕೆಯನ್ನು ಮೆಚ್ಚಿದ ಶಂಕರಲಿಂಗಂ ಜಗನ್ನಾಥನ್, ಅನುಕೂಲಸ್ಥ ಸವರ್ಣ ಮನೆ ಬಿಟ್ಟು ಬಂದ ಗಾಂಧಿವಾದಿ. ದೇಶ ಸ್ವತಂತ್ರವಾಗುವ ತನಕ ಮದುವೆ ಬೇಡ ಎಂದು ಕಾದು, 1950ರಲ್ಲಿ ಮದುವೆಯಾದರು.

1968ರ ಡಿಸೆಂಬರ್ 25ರಂದು ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ದಲಿತ ಕೂಲಿಗಳ ಕುಟುಂಬದವರನ್ನು ಗುಡಿಸಲಿನಲ್ಲಿ ಸುಟ್ಟರು. ಆಮೇಲೆ ಈ ದಂಪತಿ ಅತ್ತ ಹೋಗಿ ಭೂಮಿಯಿಲ್ಲದವರ ಪರ ನಿಂತರು. 1981ರಲ್ಲಿ ಲಾಫ್ಟಿ ಎಂಬ ಸಂಸ್ಥೆ ಕಟ್ಟಿ, ಸಾವಿರಾರು ಕೂಲಿ ಕುಟುಂಬಗಳಿಗೆ, ಅದೂ ಹೆಂಗಸರ ಹೆಸರಿಗೆ, ಗದ್ದೆ ಮಾಡಿಸಿಕೊಟ್ಟರು. 2008ರಲ್ಲಿ ಇಬ್ಬರಿಗೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಜಗನ್ನಾಥನ್ 2013ರಲ್ಲಿ, ನೂರು ವರ್ಷ ದಾಟಿ ತೀರಿಕೊಂಡರು.

ದೆಹಲಿ, ಸೋಲು, ಮತ್ತೆ ಹಳ್ಳಿ

ಜನ ಸೌಂದರಂ ಅವರನ್ನು ರಾಜಕೀಯಕ್ಕೂ ಎಳೆದರು. 1952ರಲ್ಲಿ ಆತ್ತೂರು, 1957ರಲ್ಲಿ ವೇಡಸಂದೂರು ಕ್ಷೇತ್ರದಿಂದ ಕಾಂಗ್ರೆಸ್ ಶಾಸಕಿ. 1962ರಲ್ಲಿ ದಿಂಡಿಗಲ್ಲಿನಿಂದ ಲೋಕಸಭೆಗೆ ಗೆದ್ದು ಕೇಂದ್ರದಲ್ಲಿ ಶಿಕ್ಷಣ ಉಪಮಂತ್ರಿಯಾದರು. ಅದೇ ವರ್ಷ ಪದ್ಮಭೂಷಣ ಬಂತು. ವಿಧವೆಯಾಗಿ ಪುಸ್ತಕ ಹಿಡಿದು ಯಾವ ದೆಹಲಿಗೆ ಹೋಗಿದ್ದರೋ ಅದೇ ದೆಹಲಿಗೆ ದೇಶದ ಶಿಕ್ಷಣ ನೋಡಲು ಹೋದರು. 1964ರಿಂದ 1970ರ ತನಕ ರಾಮಚಂದ್ರನ್ ರಾಜ್ಯಸಭೆಯ ನಾಮಕರಣ ಸದಸ್ಯರು. ಕೆಲವು ವರ್ಷ ಗಂಡ ಹೆಂಡತಿ ಇಬ್ಬರೂ ಒಂದೇ ಸಂಸತ್ತಿನಲ್ಲಿದ್ದರು!

1967ರಲ್ಲಿ ತಮಿಳುನಾಡಿನಲ್ಲಿ ದ್ರಾವಿಡ ಅಲೆ. ಕಾಂಗ್ರೆಸ್ಸಿನ ದೊಡ್ಡ ದೊಡ್ಡವರು ಬಿದ್ದರು, ಕಾಮರಾಜರೇ ವಿರುದುನಗರದಲ್ಲಿ ಸೋತರು. ದಿಂಡಿಗಲ್ಲಿನಲ್ಲಿ ಸೌಂದರಂ ಕೂಡ ಸೋತರು. ಸೋತವರಿಗೆ ಮರಳಲು ಒಂದು ಜಾಗ ಇತ್ತು, ಮಾಡಲು ಕೆಲಸ ಇತ್ತು.

ಆ ಕೆಲಸಗಳಲ್ಲಿ ಒಂದನ್ನು ವಿಶೇಷವಾಗಿ ಹೇಳಬೇಕು. ಆತ್ತೂರು ಬ್ಲಾಕಿನ ಹಳ್ಳಿಗಳಲ್ಲಿ ಗಾಂಧಿಗ್ರಾಮ ನಡೆಸಿದ ಆರೋಗ್ಯ ಮತ್ತು ಕುಟುಂಬ ಯೋಜನೆಯ ಪ್ರಯೋಗ ದೇಶದಲ್ಲೇ ಹೆಸರಾಯಿತು. 1964ರಲ್ಲಿ ಅದಕ್ಕೆಂದೇ ಗ್ರಾಮೀಣ ಆರೋಗ್ಯ ಮತ್ತು ಕುಟುಂಬ ಯೋಜನಾ ಸಂಸ್ಥೆ ಶುರುವಾಯಿತು. ಎಷ್ಟು ಮಕ್ಕಳು, ಯಾವಾಗ ಎಂಬ ಮಾತನ್ನು ಹಳ್ಳಿಯ ಗಂಡ ಹೆಂಡತಿ ಕೂತು ಮಾತಾಡುವಂತೆ ಮಾಡುವುದು ಆ ದಿನಗಳಲ್ಲಿ ಸುಲಭವಿರಲಿಲ್ಲ. ತನ್ನ ಬದುಕಿನ ತೀರ್ಮಾನ ತಾನೇ ತೆಗೆದುಕೊಂಡ ಹೆಂಗಸು ಕಟ್ಟಿದ ಊರಿನಿಂದ ಆ ಕೆಲಸ ನಡೆಯಿತು.

ಉಳಿದದ್ದು

1984ರ ಅಕ್ಟೋಬರ್ 21ರಂದು ಸೌಂದರಂ ತೀರಿಕೊಂಡರು. ಎಂಬತ್ತು ವರ್ಷದ ತುಂಬು ಬದುಕು, ಅದರಲ್ಲಿ 44 ವರ್ಷ ರಾಮಚಂದ್ರನ್ ಜೊತೆ. ಅವರಿಲ್ಲದೆ ರಾಮಚಂದ್ರನ್ ಇನ್ನೂ ಹತ್ತು ವರ್ಷ ಬದುಕಿದರು. ನೆಯ್ಯಾಟ್ಟಿನ್‌ಕರೆಯಲ್ಲಿ ತಾಯಿಯ ಹೆಸರಿನಲ್ಲಿ ಕಟ್ಟಿದ ಮಾಧವಿ ಮಂದಿರದ ಸೇವಾ ಕೆಲಸದಲ್ಲಿ ಕಾಲ ಕಳೆದರು. 1995ರ ಜನವರಿ 17ರಂದು ಅವರೂ ಹೋದರು. 2005ರಲ್ಲಿ ಸೌಂದರಂ ನೆನಪಿಗೆ ಅಂಚೆ ಚೀಟಿ ಬಂತು.

ಇಷ್ಟೆಲ್ಲ ಆಗಿಯೂ ಜಾತಿ ಮೀರಿದ ಮದುವೆ ಈ ಸೀಮೆಯಲ್ಲಿ ಇವತ್ತಿಗೂ ಸಲೀಸಲ್ಲ. ಮರ್ಯಾದೆಯ ಹೆಸರಿನಲ್ಲಿ ಹೆತ್ತವರೇ ಮಕ್ಕಳ ಜೀವ ತೆಗೆದ ಸುದ್ದಿ ತಮಿಳುನಾಡು, ಕರ್ನಾಟಕ ಎರಡೂ ಕಡೆ ಬರುತ್ತಲೇ ಇದೆ. ಗಂಡ ಸತ್ತ ಹುಡುಗಿಗೆ ಮತ್ತೆ ಗಂಡು ನೋಡಲು ಇಂದಿಗೂ ಎಷ್ಟೋ ಮನೆಗಳು ಹಿಂದೆ ಮುಂದೆ ನೋಡುತ್ತವೆ. ಸೌಂದರಂ ಹೆತ್ತವರಿಗೂ ಈ ಮದುವೆ ಇಷ್ಟವಿರಲಿಲ್ಲ. ಆದರೂ ಗಾಂಧೀಜಿ ಕೇಳಿದ್ದು ಒಂದು ವರ್ಷದ ತಾಳ್ಮೆಯನ್ನು ಮಾತ್ರ, ಪ್ರೀತಿ ಬಿಟ್ಟುಬಿಡಿ ಎಂದಲ್ಲ. ಮಕ್ಕಳ ಆಯ್ಕೆ ಒಪ್ಪಿಗೆಯಾಗದ ಮನೆಗಳಲ್ಲಿ ಕತ್ತಿ, ವಿಷದ ಬದಲು ಅಷ್ಟೊಂದು ಕಾಲಾವಕಾಶ ಸಿಕ್ಕಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ.

ದಿಂಡಿಗಲ್-ಮದುರೈ ದಾರಿಯಲ್ಲಿ ಮುಂದಿನ ಸಲ ಹೋಗುವಾಗ ಗಾಂಧಿಗ್ರಾಮದ ಹತ್ತಿರ ಒಮ್ಮೆ ಇಳಿಯಿರಿ. ತಾಜಮಹಲಿನ ಹಾಗೆ ನೋಡಲು ಏನೂ ಇಲ್ಲ. ಆಸ್ಪತ್ರೆಯ ಮುಂದೆ ಮಗು ಎತ್ತಿಕೊಂಡು ಸಾಲಿನಲ್ಲಿ ನಿಂತ ಹೆಂಗಸರು, ಪುಸ್ತಕ ಹಿಡಿದು ತರಗತಿಗೆ ನಡೆದು ಹೋಗುವ ಹಳ್ಳಿಯ ಹುಡುಗಿಯರು ಕಾಣುತ್ತಾರೆ. ಸೌಂದರಂ, ರಾಮಚಂದ್ರನ್ ಬಿಟ್ಟು ಹೋದದ್ದು ಅದನ್ನೇ.